ಮಣಿಕಟ್ಟಿನ ಪಟ್ಟಿ ಯಾರಿಗೆ ಹೇಳಿತು

ಇಳಕಲ್ಲು, ೨೧೮೭ರ ಫೆಬ್ರವರಿ ೩೦

ನನ್ನ ಮುತ್ತಜ್ಜಿಯ ಮುತ್ತಜ್ಜಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ; ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ತಿಳಿಯದ ಮಾತು ಬಂದರೆ ಕ್ಷಮಿಸಿ. ನಾನು ನೀಲಾಂಬಿಕೆ, ಸೀರೆ ನೇಯುವವಳು. ಹದಿನೈದನೇ ವಯಸ್ಸಿನಿಂದ ಮೂರ್ಛೆರೋಗವಿದೆ. ನಿಮಗೂ ಇತ್ತಂತೆ, ಮದುವೆ ಮುರಿದೀತೆಂದು ಮಾತ್ರೆಗಳನ್ನು ಅರಿಶಿನದ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದಿರಂತೆ. ನಾವು ಬಚ್ಚಿಡುವಂತಿಲ್ಲ. ಫಿಟ್ಸ್ ಬರುವ ಮೊದಲೇ ಎಚ್ಚರಿಸುವ 'ಅರಿವುಪಟ್ಟಿ'ಯನ್ನು ಮಣಿಕಟ್ಟಿಗೆ ಕಟ್ಟಿರುತ್ತಾರೆ. ಅದು ಮಿಡಿದ ಕೂಡಲೇ ಮಗ್ಗ ಬಿಟ್ಟು ಬಂದು ಚಾಪೆಯ ಮೇಲೆ ಮಗ್ಗುಲಾಗಿ ಮಲಗುತ್ತೇನೆ.

ಮೂರು ವರ್ಷದ ಹಿಂದೆ, ಮಗು ಬೇಕೆಂದು ಗಂಡ ಮಲ್ಲೇಶನ ಕಿವಿಯಲ್ಲಿ ಮಾತ್ರ ಹೇಳಿದೆ. ವಾರದೊಳಗೆ ವಂಶಮಂಡಳಿಯಿಂದ, ಎಂದರೆ ಬಸಿರು ಹೆರಿಗೆಗಳ ಮೇಲೆ ಕಣ್ಣಿಡುವ ಕಚೇರಿಯಿಂದ, ಪತ್ರ ಬಂತು: ತಮಗೆ ಗರ್ಭ ಸೂಕ್ತವಲ್ಲ. ಯಾರು ಹೇಳಿದರು? ಮಲ್ಲೇಶ ಆಣೆ ಮಾಡಿದ, ನಂಬಲಿಲ್ಲ. ಅತ್ತೆ ಕಾಶವ್ವ ನನ್ನನ್ನೇ ನೋಡಿ ನೋಡಿ ಕ್ಯಾಲೆಂಡರಿನಲ್ಲಿ ಏನೋ ಗುರುತು ಹಾಕುವುದನ್ನು ಕಂಡಿದ್ದೆ. ಇವರೇ ಎಂದುಕೊಂಡು ಮಾತು ಬಿಟ್ಟೆ.

ಒಂದು ದಿನ ಅವರೇ ನನ್ನನ್ನು ಡಾಕ್ಟರ್ ಫರ್ಜಾನಾ ಹತ್ತಿರ ಎಳೆದೊಯ್ದು, ಆ ಕ್ಯಾಲೆಂಡರನ್ನು ಮೇಜಿನ ಮೇಲೆ ಹರಡಿದರು. "ಮುಟ್ಟಿನ ಹೊತ್ತಿನ್ಯಾಗಷ್ಟ ಬೀಳತಾಳ್ರೀ ಈಕಿ. ಒಂದೂವರಿ ವರ್ಷ ಬರದಿಟ್ಟೇನಿ."

ಡಾಕ್ಟರ್ ನನ್ನ ಮಾತ್ರೆ ನೋಡಿ ಹುಬ್ಬುಗಂಟಿಕ್ಕಿದರು. "ಇದು ಹೊಟ್ಯಾಗಿನ ಕೂಸಿಗೆ ಕೇಡು ಮಾಡಬಹುದು. ನಿಮಗ ಯಾರೂ ಹೇಳಿಲ್ಲೇನು?"

ಹತ್ತು ವರ್ಷ ನುಂಗಿದ್ದೆ, ಯಾರೂ ಹೇಳಿರಲಿಲ್ಲ. ಪತ್ರದ ವಿಷಯ ಎತ್ತಿದಾಗ ಅವರು ತುಟಿಯ ಮೇಲೆ ಬೆರಳಿಟ್ಟು ನನ್ನ ಮಣಿಕಟ್ಟಿನತ್ತ ಕಣ್ಣು ತೋರಿಸಿದರು. ಆಗ ಹೊಳೆಯಿತು: ಪಟ್ಟಿಯೇ ನನ್ನ ಮುಟ್ಟಿನ ದಿನಗಳನ್ನೂ, ಹಾಸಿಗೆಯ ಪಿಸುಮಾತನ್ನೂ ಮಂಡಳಿಗೆ ಮುಟ್ಟಿಸುತ್ತಿತ್ತು. ಅತ್ತೆಯ ಎದುರು ತಲೆ ಎತ್ತಲಾಗಲಿಲ್ಲ.

"ಇರಲಿ ಬಿಡವಾ, ನಾನೂ ನಿನ್ನ ಕೇಳದ ಬರದೆ," ಎಂದರು ಅತ್ತೆ.

ಮಂಡಳಿಯ ಪತ್ರ ಬರೀ ಸಲಹೆ, ಆಜ್ಞೆಯಲ್ಲ. ಡಾಕ್ಟರ್ ಎಂಟು ತಿಂಗಳು ನಿಧಾನವಾಗಿ ಔಷಧಿ ಬದಲಿಸಿದರು. ಬಸಿರಿಗೆ ಮೊದಲೇ ಫೋಲಿಕ್ ಆಸಿಡ್ ಕೊಟ್ಟರು. ಏಳನೇ ತಿಂಗಳಲ್ಲಿ ಒಮ್ಮೆ ಬಿದ್ದೆ; ಅತ್ತೆ ಮಗ್ಗುಲಿಗೆ ಹೊರಳಿಸಿ ಪಕ್ಕದಲ್ಲೇ ಕುಳಿತರು. ಶ್ರಾವಣದಲ್ಲಿ ಮಗಳು ಹುಟ್ಟಿದಳು, ಗುಂಡುಗುಂಡಗೆ.

ನನ್ನ ಪಟ್ಟಿ ಇನ್ನೂ ಕೈಯಲ್ಲಿದೆ. ಅದಿಲ್ಲದೆ ಮಗ್ಗಕ್ಕೆ ಕೂರುವ ಧೈರ್ಯವಿಲ್ಲ. ಅದಕ್ಕೇ ಇದನ್ನು ಬಾಯಲ್ಲಿ ಹೇಳದೆ ಬರೆಯುತ್ತಿದ್ದೇನೆ. ನಿನ್ನೆ ಮಂಡಳಿಯವರು ಕೂಸಿಗೂ ಸಣ್ಣದೊಂದು ಪಟ್ಟಿ ತಂದಿದ್ದರು, ಬಹಳ ನಯವಾಗಿ ನಗುತ್ತಾ. ಬಾಗಿಲು ಹಾಕಿಕೊಂಡೆ. ನಾಳೆ ಮತ್ತೆ ಬರುತ್ತಾರೆ.

ಅಜ್ಜಿ, ನಿಮ್ಮ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಆದರೆ ಬರೆದುಕೊಟ್ಟವರನ್ನು, ಇದು ಬಸಿರಿಗೆ ಏನು ಮಾಡುತ್ತದೆ ಎಂದು ಬಾಯಿಬಿಟ್ಟು ಕೇಳಿ. ಮಾತು ತೇಲಿಸಿದರೆ ಕುರ್ಚಿ ಬಿಟ್ಟು ಏಳಬೇಡಿ, ಇನ್ನೊಮ್ಮೆ ಕೇಳಿ.