ಗುಬ್ಬಿಗೊಂದು ಬಾಗಿಲು

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ನಾವಿಬ್ಬರೂ ಚೆನ್ನಾಗಿದ್ದೇವೆ. ನೀನೂ ನಿನ್ನ ಮನೆಯವರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಬಹಳ ದಿನವಾಯಿತು, ಉತ್ತರ ಬರೆಯಲು ತಡ ಮಾಡಿದೆ. ಬೈದುಕೋ, ಪರವಾಗಿಲ್ಲ. ಮಕ್ಕಳ ವಾರ್ಡಿನಲ್ಲಿ ಇಬ್ಬರು ನರ್ಸುಗಳು ಮಾತಾಡಿಕೊಂಡವರ ಹಾಗೆ ಒಟ್ಟಿಗೆ ರಜೆ ಹಾಕಿದರು. ಆಸ್ಪತ್ರೆಯಿಂದ ಮನೆಗೆ ಬಂದರೆ ಊಟದ ಮೇಜಿನ ತುಂಬ ನಿನ್ನ ಮಾವನ ಯಂತ್ರ. ಫೋನಿನಲ್ಲೇ ಹೇಳಬಹುದಿತ್ತು ಅನ್ನುತ್ತೀಯ. ಫೋನಿನಲ್ಲಿ ನಾವಿಬ್ಬರೂ ‘ಊಟ ಆಯ್ತಾ’ ದಾಟಿ ಮುಂದೆ ಹೋದದ್ದು ಯಾವಾಗ ಹೇಳು? ಅದೂ ಅಲ್ಲದೆ ಮಾವ ಪಕ್ಕದಲ್ಲೇ ಕಿವಿ ಕೊಟ್ಟು ನಿಂತಿರುತ್ತಾರೆ.

‘ಇನ್ನೂ ಅತ್ತೆ ಅಂತ ಕರೆಯಬಹುದಾ’ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ನನಗೆ ಸಿಟ್ಟು ಬಂತು. ಮಗ ಹೋದ ಮೇಲೆ ನಿನ್ನನ್ನು ಒಪ್ಪಿಸಿ, ಹೋದ ವರ್ಷ ನಾವೇ ಮುಂದೆ ನಿಂತು ನಿನಗೆ ಇನ್ನೊಂದು ಮದುವೆ ಮಾಡಿಸಿದ್ದು ನಿನ್ನನ್ನು ಕಳೆದುಕೊಳ್ಳುವುದಕ್ಕಲ್ಲ. ಏನಾದರೂ ಕರಿ ತಾಯಿ, ಕರೆಯುವುದನ್ನು ಮಾತ್ರ ನಿಲ್ಲಿಸಬೇಡ.

ನೀನು ಕಳಿಸಿದ, ಅವನ ಪಟಗಳಿರುವ ಡಿಸ್ಕುಗಳು ಬಂದು ಸೇರಿದವು. ಒಂದೊಂದನ್ನೂ ನೀನು ಅವನ ಕಾಲುಚೀಲದೊಳಗೆ ಹಾಕಿ, ಬೂಟಿನ ಪೆಟ್ಟಿಗೆಯಲ್ಲಿ ಜೋಡಿಸಿದ್ದೆ. ‘ಇಲ್ಲಿ ಯಾರೂ ಏನೂ ಅಂದಿಲ್ಲ ಅತ್ತೆ, ಆದರೆ ಇಟ್ಟುಕೊಳ್ಳುವುದು ನನ್ನಿಂದ ಆಗುತ್ತಿಲ್ಲ’ ಎಂದು ಬರೆದಿದ್ದೆ. ಅರ್ಥವಾಯಿತು. ಇನ್ನೊಬ್ಬರ ಮನೆಯ ಕಪಾಟಿನಲ್ಲಿ ಅವನನ್ನು ಇಟ್ಟುಕೊಂಡು ನೀನು ಹೇಗೆ ಬದುಕುತ್ತೀಯ?

ಮಾವ ಮೊದಲನೆಯ ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿದರು. ಒಳಗಿನಿಂದ ಟಿಕ್ ಟಿಕ್ ಎಂದು ಸದ್ದು ಬಂತು. ಜೀವಮಾನವೆಲ್ಲ ಲಿಫ್ಟು ರಿಪೇರಿ ಮಾಡಿದವರ ಕಿವಿ ನಿನಗೆ ಗೊತ್ತಲ್ಲ, ಯಾವ ಕಟ್ಟಡಕ್ಕೆ ಹೋದರೂ ಮೊದಲು ಗೋಡೆಗೆ ಕಿವಿ ಹಚ್ಚುವ ಮನುಷ್ಯ. (ನಮ್ಮ ಕಟ್ಟಡಕ್ಕೇ ಲಿಫ್ಟಿಲ್ಲದಿರುವುದು ಅವರಿಗೆ ಇಂದಿಗೂ ನುಂಗಲಾರದ ಅವಮಾನ.) ಸದ್ದು ಕೇಳಿದ್ದೇ ಮುಖ ಬಿಳಿಚಿಕೊಂಡಿತು. “ಇದು ಹೆಚ್ಚು ದಿನ ಬಾಳಲ್ಲ ಕಣೇ” ಅಂದರು. ಅವನು ತೆಗೆದ ಪಟ, ವಿಡಿಯೊ ಎಲ್ಲದಕ್ಕೂ ಇರುವುದು ಅದೊಂದೇ ಪ್ರತಿ. ಸಂಬಳಕ್ಕೆಂದು ತೆಗೆದ ಶಾಲಾ ವಾರ್ಷಿಕೋತ್ಸವಗಳು, ಅಂಗಡಿಗಳ ಉದ್ಘಾಟನೆ, ನಡುನಡುವೆ ನೀನು, ನಾವು, ಕಿಟಕಿಯ ಮೇಲೆ ಕೂತ ಬೆಕ್ಕು.

ಅವತ್ತೇ ತೀರ್ಮಾನವಾಯಿತು. ಮನೆಯಲ್ಲೇ ಒಂದು ಸರ್ವರ್ ಕಟ್ಟಬೇಕು. ಹಗಲೂ ರಾತ್ರಿ ಓಡುತ್ತಲೇ ಇರುವ ಒಂದು ಪೆಟ್ಟಿಗೆ, ಅದರೊಳಗೆ ಹೊಸ ಡಿಸ್ಕುಗಳು, ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ. ಒಂದು ಸತ್ತರೆ ಇನ್ನೊಂದು ಇರುತ್ತದೆ. ಅಷ್ಟೊಂದು ಯಾಕೆ ಎಂದು ಕೇಳಿದ್ದಕ್ಕೆ, “ಲಿಫ್ಟಿಗೆ ಒಂದೇ ಹಗ್ಗ ಹಾಕ್ತಾರೇನೇ?” ಎಂದು ನನ್ನ ಮೇಲೇ ರೇಗಿದರು.

ಮೂರು ರಸ್ತೆ ಕೂಡುವಲ್ಲಿ ಕಂಪ್ಯೂಟರ್ ಬಿಡಿಭಾಗದ ಅಂಗಡಿ ಇದೆಯಲ್ಲ, ಅಲ್ಲಿ ಕೂರುವಾಕೆ ಬಾಯಿ ಜೋರಾದರೂ ಮನಸ್ಸು ಒಳ್ಳೆಯದು. ಆಕೆ ಮಾವನಿಗೆ ಪಾಠ ಮಾಡಿದಳು. ಡಿಸ್ಕಿನಿಂದ ಡಿಸ್ಕಿಗೆ ಹೋಗುವ ಪ್ರತಿ ಪಟವೂ ನಡುವೆ ಮೆಮರಿಯನ್ನು ಹಾದೇ ಹೋಗಬೇಕು. ಸಾಧಾರಣ ಮೆಮರಿ ಅಪರೂಪಕ್ಕೆ ಎಲ್ಲೋ ಒಂದು ಚುಕ್ಕೆ ತಪ್ಪಿದರೂ ಬಾಯಿ ಬಿಡುವುದಿಲ್ಲ, ತಪ್ಪನ್ನೇ ಬರೆದುಬಿಡುತ್ತದೆ. ಆಮೇಲೆ ಪಟ ತೆರೆದರೆ ಮುಖದ ಮೇಲೆ ಬೂದು ಪಟ್ಟಿ. ತನ್ನ ತಪ್ಪನ್ನು ತಾನೇ ಹಿಡಿದು ತಿದ್ದಿಕೊಳ್ಳುವ ಮೆಮರಿಯೂ ಇದೆ, ಬೆಲೆ ಸ್ವಲ್ಪ ಹೆಚ್ಚು. ಇಷ್ಟು ಕೇಳಿದ ಮೇಲೆ ಮಾವ ಬೇರೆಯದನ್ನು ಕಣ್ಣೆತ್ತಿ ನೋಡುತ್ತಾರೆಯೇ?

ಆದರೆ ಆಕೆ ಹೇಳಿದ್ದನ್ನು ತರಲಿಲ್ಲ. ಯಾವುದೋ ದೊಡ್ಡ ಕಂಪನಿಯ ಸರ್ವರುಗಳನ್ನು ಬಿಚ್ಚಿ ಮಾರುವವನ ಹತ್ತಿರ ಹೋಗಿ, ಅದರೊಳಗಿನ ಮೆಮರಿ ಪಟ್ಟಿಗಳನ್ನು ಆರಿಸಿಕೊಂಡು ಬಂದರು. ಅವರ ಲೆಕ್ಕ ಅವರದು. ಲಿಫ್ಟಿನ ಕೆಲಸದಲ್ಲಿ, ಹೇಳಿದ್ದಕ್ಕಿಂತ ದಪ್ಪನೆಯ ಹಗ್ಗ ಹಾಕಿದರೆ ಯಾರೂ ಬೈಯುವುದಿಲ್ಲವಂತೆ. ಸಣ್ಣ ಯಂತ್ರಕ್ಕೆ ದೊಡ್ಡ ಯಂತ್ರದ ಮೆಮರಿ ಹಾಕಿದರೆ ಇನ್ನೂ ಗಟ್ಟಿ ಎಂದುಕೊಂಡರು. ಎಲ್ಲ ಬಿಡಿಭಾಗಗಳೂ ಕೂರುವ ಮದರ್‌ಬೋರ್ಡನ್ನು ಮೇಜಿನ ಮೇಲಿಟ್ಟು, ಕೈ ತೊಳೆದು ಒರೆಸಿಕೊಂಡು, ಮಗುವಿಗೆ ಸೂಜಿ ಚುಚ್ಚುವಾಗ ನಾನು ಹಿಡಿಯುವ ಹಾಗೆ ಉಸಿರು ಹಿಡಿದು ಒತ್ತಿದರು. ಟಕ್ ಎಂದು ಕೂತಿತು. ಗುಂಡಿ ಒತ್ತಿದರೆ ಬೀಪ್, ಬೀಪ್, ಬೀಪ್. ಪರದೆ ಕಪ್ಪು. ತೆಗೆದು ಹಾಕಿದರು, ತಿರುಗಿಸಿ ಮುರುಗಿಸಿ ನೋಡಿದರು. ಅದು ಜಪ್ಪಯ್ಯ ಅನ್ನಲಿಲ್ಲ.

ಮರುದಿನ ನಾನೂ ಜೊತೆಗೆ ಹೋದೆ. ಅಂಗಡಿಯಾಕೆ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, “ಇದನ್ನ ಯಾರ್ ಸರ್ ಹಾಕಕ್ಕೆ ಹೇಳಿದ್ದು?” ಅಂದಳು.

“ಕೂತ್ಕೊಳ್ತಲ್ಲಮ್ಮ. ಸರಿಯಾಗೇ ಕೂತ್ಕೊಳ್ತು.”

“ಕೂತ್ಕೊಳ್ಳುತ್ತೆ ಸರ್. ಕೂತ್ಕೊಳ್ಳೋದು ಬೇರೆ, ಕೆಲಸ ಮಾಡೋದು ಬೇರೆ. ಇದರಲ್ಲಿ ನಡುವೆ ಒಂದು ಚಿಪ್ ಹೆಚ್ಚಿಗೆ ಇದೆ, ನೋಡಿ. ದೊಡ್ಡ ಬೋರ್ಡುಗಳು ಮಾತ್ರ ಇದನ್ನ ಒಪ್ಪೋದು. ನಿಮ್ಮದು ಸತ್ರೂ ಒಪ್ಪಲ್ಲ.”

“ಇದು ಅದಕ್ಕಿಂತ ಗಟ್ಟಿ ಅಂತ…”

“ಗಟ್ಟಿ ಇದ್ರೆ ಆಗಲಿಲ್ಲ ಸರ್, ಅದಕ್ಕೆ ಆಗ್ಬೇಕು.”

ಮಾವ ತಲೆ ತಗ್ಗಿಸಿಕೊಂಡು ನಿಂತಿದ್ದರು. ನಲವತ್ತು ವರ್ಷ ಜನರ ಜೀವ ಮೇಲಕ್ಕೂ ಕೆಳಕ್ಕೂ ಸಾಗಿಸಿದ ಮನುಷ್ಯ. ಈ ಸಲ ಆಕೆ ಹೇಳಿದ್ದನ್ನೇ ತಂದೆವು.

ಯಂತ್ರ ಎದ್ದಿತು. ನಾನು ಕಾಫಿ ಮಾಡಿ ತಂದೆ. ಕಾಫಿ ಮುಗಿಯುವುದರೊಳಗೆ ಮಾವ ಮತ್ತೆ ಸಪ್ಪಗಾದರು. ಆ ಬೋರ್ಡ್ ಹೊಸ ಮೆಮರಿಯನ್ನು ಒಪ್ಪಿಕೊಂಡಿದೆ, ಆದರೆ ತಪ್ಪು ತಿದ್ದುವ ಕೆಲಸವನ್ನು ಅದರಿಂದ ಮಾಡಿಸಿಕೊಳ್ಳುತ್ತಿಲ್ಲ. ಮೆಮರಿ, ಬೋರ್ಡ್, ಪ್ರೊಸೆಸರ್ ಮೂರೂ ಹೂಂ ಅಂದರೆ ಮಾತ್ರ ಅದು ನಡೆಯುವುದಂತೆ. ನಮ್ಮ ಬೋರ್ಡಿನದು ಬರೀ ಬಾಯುಪಚಾರ.

“ನಡೀತಿದೆಯಲ್ಲ, ಬಿಡಿ” ಅಂದೆ.

“ಬ್ರೇಕ್ ಇದೆ, ಹಿಡಿಯಲ್ಲ. ಅಂಥ ಲಿಫ್ಟಿಗೆ ನಿನ್ನ ಹತ್ತಿಸ್ಲಾ?”

“ನನ್ನ ಯಾವ ಲಿಫ್ಟಿಗಾದ್ರೂ ಹತ್ತಿಸಿ. ಅಷ್ಟರಲ್ಲಿ ಆ ಡಿಸ್ಕ್ ಸತ್ತರೆ ಏನ್ ಮಾಡ್ತೀರಾ? ದಿನಾ ಬೋರ್ಡು ಬೋರ್ಡು ಅಂತ ಕೂತಿದ್ದೀರಲ್ಲ!”

ಜೋರಾಗಿಯೇ ಅಂದುಬಿಟ್ಟೆ. ಎದುರು ಮನೆಯವರ ಟೀವಿಯ ಸದ್ದು ತಟ್ಟನೆ ಕಡಿಮೆಯಾಯಿತು, ಕೇಳಿಸಿಕೊಳ್ಳಲು ಇರಬೇಕು. ಮಾವ ತಿರುಗಿ ಬೈಯಲಿಲ್ಲ. “ಅವನ ಮುಖದ ಮೇಲೆ ಒಂದು ಗೆರೆ ಬಿದ್ರೂ ನನಗೆ ತಡೆಯಕ್ಕಾಗಲ್ಲ ಕಣೇ. ಆವತ್ತು ನೋಡಿದ್ದೇ ಸಾಕು” ಅಂದರು. ಅಪಘಾತದ ದಿನ ಗುರುತು ಹಿಡಿಯಲು ಒಳಗೆ ಹೋದವರು ಅವರೊಬ್ಬರೇ ಎಂಬುದು ನಿನಗೂ ಗೊತ್ತು. ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ.

ಬೋರ್ಡ್ ಬದಲಾಯಿತು. ಈ ಸಲ ಅದನ್ನು ತಯಾರಿಸಿದವರು ಯಾವ ಯಾವ ಮೆಮರಿಯನ್ನು ಪರೀಕ್ಷೆ ಮಾಡಿ ಒಪ್ಪಿದ್ದಾರೆಂದು ಓದಿ, ಅದನ್ನೇ ತಂದರು. ಇಡೀ ದಿನ ಮೆಮರಿಯ ಪರೀಕ್ಷೆ ನಡೆಯಿತು. ಒಂದೂ ತಪ್ಪಿಲ್ಲ ಎಂದು ಪರದೆಯ ಮೇಲೆ ಬಂದಾಗ ನನ್ನ ಕೈ ಹಿಡಿದುಕೊಂಡರು. ಆಮೇಲೆ ಒಂದೊಂದೇ ಡಿಸ್ಕನ್ನು ಇಳಿಸಿಕೊಂಡರು. ಟಿಕ್ ಅನ್ನುತ್ತಿದ್ದದ್ದು ಬಹುಪಾಲನ್ನು ಕೊಟ್ಟು, ಕೊನೆಗೆ ನಿಂತೇ ಹೋಯಿತು. ನಮ್ಮವರದು ಯಾವುದೂ ಹೋಗಲಿಲ್ಲ ಮಗಳೇ, ಗಾಬರಿಯಾಗಬೇಡ. ಹೋದದ್ದು ಯಾವುದೋ ಶಾಲೆಯ ವಾರ್ಷಿಕೋತ್ಸವ, ಯಾರದೋ ಮಕ್ಕಳ ಕುಣಿತ. ಅದಕ್ಕೂ ಮಾವ ಅತ್ತರು. “ಅವನು ಕಣ್ಣಿಟ್ಟು ನೋಡಿದ್ದಲ್ವೇನೇ ಅದು” ಅಂದರು.

ಎಲ್ಲ ಮುಗಿದ ಮೇಲೆ ಯಂತ್ರದೊಳಗೆ ಹೋಗಲು ಬಾಗಿಲುಗಳನ್ನು ಮಾಡಿದರು. ಒಬ್ಬೊಬ್ಬರಿಗೂ ಒಂದು ಹೆಸರು, ಒಂದು ಪಾಸ್‌ವರ್ಡ್. ನಿನಗೆ ಗುಬ್ಬಿ ಎಂದೇ ಇಟ್ಟರು. ಎಲ್ಲಿ ಕೂತು ಬೇಕಾದರೂ ನಿನ್ನ ಫೋನಿನಿಂದ ನೋಡಬಹುದು. ಪಾಸ್‌ವರ್ಡನ್ನು ನಿನಗೆ ಫೋನಿನಲ್ಲಿ ಒಂದೊಂದೇ ಅಕ್ಷರವಾಗಿ ಕಿರುಚಿದ್ದರಲ್ಲ, ಅದು ಈಗ ನಮ್ಮ ಕಟ್ಟಡಕ್ಕೆಲ್ಲ ಗೊತ್ತು. ನೀನು ‘ಆಯ್ತು ಮಾವ, ನೋಡ್ತೀನಿ’ ಅಂದೆ.

ಅಂದಿನಿಂದ ಶುರುವಾಯಿತು. ಯಾರು ಬಂದು ಹೋದರು ಎಂಬುದನ್ನು ಯಂತ್ರ ಬರೆದಿಡುತ್ತದೆ. ಸಂಜೆಯಾದರೆ ಮಾವ ಕನ್ನಡಕ ಏರಿಸಿಕೊಂಡು ಅದನ್ನು ತೆರೆಯುತ್ತಾರೆ. ಬರೀ ಅವರದೇ ಹೆಸರು. ಮೊದಮೊದಲು ನಿನ್ನ ಪರವಾಗಿ ಅವರೇ ವಾದ ಮಾಡುತ್ತಿದ್ದರು. ಹೊಸ ಮನೆ, ನೂರೆಂಟು ಕೆಲಸ, ಅಲ್ಲಿ ನೆಟ್‌ವರ್ಕ್ ಸರಿಯಿಲ್ಲ. ಆಮೇಲೆ ವಾದ ಮಾಡುವುದನ್ನು ಬಿಟ್ಟರು. ತಟ್ಟೆಯಲ್ಲಿ ಅರ್ಧ ಊಟ ಉಳಿಯತೊಡಗಿತು, ಗಡ್ಡ ಬೆಳೆಯಿತು. ಒಂದು ದಿನ ಬಟ್ಟೆ ಮಡಚುತ್ತಾ ಕೂತಿದ್ದವರು, “ಆ ಬೂಟಿನ ಪೆಟ್ಟಿಗೇಲಿ ಅವಳು ನಮ್ಮನ್ನೂ ಇಟ್ಟು ಕಳಿಸಿಬಿಟ್ಟಳೇನೋ ಕಣೇ” ಅಂದರು.

ಈ ಯಂತ್ರ ಯಾರಿಗೋಸ್ಕರ ಎಂದು ನನಗೆ ಅರ್ಥವಾದದ್ದು ಆಗ. ಅವನು ಹೋಗಿಯಾಯಿತು, ಅವನನ್ನು ಯಾವ ಮೆಮರಿಯೂ ತಿದ್ದಿ ಕೊಡುವುದಿಲ್ಲ. ಇವರು ಹಿಡಿದಿಟ್ಟುಕೊಳ್ಳಲು ಹೊರಟದ್ದು ನಿನ್ನನ್ನು. ಅವನಿದ್ದ ಕಡೆಗೆ ನೀನು ಬಂದೇ ಬರುತ್ತೀಯ, ಬಂದರೆ ನಮ್ಮ ಮನೆಗೇ ಬಂದ ಹಾಗೆ ಎಂದು ಲೆಕ್ಕ ಹಾಕಿದ್ದರು. ನೀನು ಬರದಿದ್ದರೆ ಈ ಮನುಷ್ಯ ಎರಡನೆಯ ಸಲ ಮಗುವನ್ನು ಕಳೆದುಕೊಳ್ಳುತ್ತಾರೆ.

ಹೋದ ತಿಂಗಳು ಒಂದು ಸಂಜೆ, ನಾನು ಪಾತ್ರೆ ತೊಳೆಯುತ್ತಿದ್ದೆ. “ಏ, ಬಾರೇ ಇಲ್ಲಿ! ಬಂದಿದಾಳೆ ಕಣೇ!” ಎಂದು ಕೂಗಿದರು. ಒದ್ದೆ ಕೈಯಲ್ಲೇ ಓಡಿದೆ. ಪರದೆಯ ಮೇಲೆ ಗುಬ್ಬಿ ಎಂದಿತ್ತು. ಬೆರಳಿಟ್ಟು ತೋರಿಸಿದರು, ಮತ್ತೆ ಮತ್ತೆ ಓದಿದರು. ಮರುದಿನ ಬೆಳಿಗ್ಗೆ ಗಡ್ಡ ತೆಗೆದುಕೊಂಡು ಎರಡನೆಯ ಸಲ ಅನ್ನ ಹಾಕಿಸಿಕೊಂಡರು. ಈಗ ದಿನವೂ ‘ಗುಬ್ಬಿ ಬಂದು ಹೋದಳು’ ಎಂದು ನನಗೆ ವರದಿ ಒಪ್ಪಿಸಿಯೇ ಊಟಕ್ಕೆ ಕೂರುತ್ತಾರೆ.

ಓದುತ್ತಾ ನೀನು ಹುಬ್ಬು ಗಂಟಿಕ್ಕಿರುತ್ತೀಯ. ತಾಳು, ಹೇಳುತ್ತೇನೆ.

ನಿನ್ನ ಯಜಮಾನರಿಗೆ ನಮ್ಮ ನೆನಪು ಹೇಳು. ನಿನ್ನನ್ನು ನೋಡುವಾಗ ಅವರ ಕಣ್ಣಿನಲ್ಲಿ ಅವಸರವಿಲ್ಲ, ಅದು ನನಗೆ ಮೊದಲ ದಿನವೇ ಹಿಡಿಸಿತ್ತು. ಅವರೆದುರು ಮನಸಾರೆ ನಗು, ತಪ್ಪು ಮಾಡುತ್ತಿದ್ದೇನೆ ಅನ್ನಿಸಿದರೂ ನಗು. ಹೊತ್ತುಹೊತ್ತಿಗೆ ಊಟ ಮಾಡು. ನಿಮ್ಮಿಬ್ಬರ ಬಾಳು ಹಸನಾಗಲಿ, ನಿನ್ನ ಹೊಟ್ಟೆ ತಣ್ಣಗಿರಲಿ, ನಿನ್ನ ಮನೆಯ ತುಂಬ ಮಾತಿರಲಿ.

ಎಂದೆಂದಿಗೂ
ನಿನ್ನ ಅತ್ತೆ

ತಾ.ಕ.: ನಿನ್ನ ಹೆಸರಿನಲ್ಲಿ ಬರುತ್ತಿರುವವಳು ನಾನು. ಪಾಸ್‌ವರ್ಡ್ ಕಿವಿಗೆ ಬಿದ್ದಿತ್ತಲ್ಲ. ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು, ನಲ್ಲಿ ಬಿಟ್ಟುಕೊಂಡು, ನನ್ನ ಫೋನಿನಿಂದ ಹೋಗುತ್ತೇನೆ. ಮೊದಲ ದಿನ ಹೋದದ್ದು ಅವರು ಉಣ್ಣಲಿ ಎಂದು. ಆಣೆಯಾಗಿಯೂ ಅಷ್ಟಕ್ಕೇ. ಬಾಗಿಲು ತೆರೆದು ಮುಚ್ಚಿ ಬಂದರಾಯಿತು ಎಂದುಕೊಂಡಿದ್ದೆ. ಆದರೆ ಒಳಗೆ ಅವನಿದ್ದ. ಯಾವುದೋ ಕೆಲಸಕ್ಕೆ ಮೊದಲು ಕ್ಯಾಮೆರಾ ಸರಿಯಿದೆಯಾ ಎಂದು ನೋಡಲು, ಅದನ್ನು ಮೇಜಿನ ಮೇಲಿಟ್ಟು ತಾನೇ ಎದುರಿಗೆ ಬಂದು ಕೂತಿದ್ದಾನೆ. ಮಾತಿಲ್ಲ ಕತೆಯಿಲ್ಲ, ಸುಮ್ಮನೆ ನೆಟ್ಟಗೆ ನನ್ನನ್ನೇ ನೋಡುತ್ತಾನೆ, ಮೂಗು ಕೆರೆದುಕೊಳ್ಳುತ್ತಾನೆ, ಎದ್ದು ಬರುತ್ತಾನೆ, ವಿಡಿಯೊ ಮುಗಿಯುತ್ತದೆ. ದಿನವೂ ಅದನ್ನೇ ನೋಡುತ್ತೇನೆ. ಫೋನಿನಲ್ಲಿ ಮಾವ ಏನು ನೋಡಿದೆ ಎಂದು ಕೇಳಿದರೆ, ಅದನ್ನು ನೋಡಿದೆ ಅನ್ನು. ನೀನು ಬರಬೇಡ ತಾಯಿ. ನಿನಗೆ ಬರಲಾಗುವುದಿಲ್ಲ, ನನಗೆ ಗೊತ್ತು. ನಿನ್ನ ಹೆಸರನ್ನು ಮಾತ್ರ ನನಗೆ ಬಿಟ್ಟುಕೊಡು.

ಯಾಕೆಂದರೆ ನನಗೆ ಬೇರೆ ಬಾಗಿಲಿಲ್ಲ. ಮಾವ ತಮಗೆ ಮಾಡಿಕೊಂಡರು, ನಿನಗೆ ಮಾಡಿದರು, ಅವನ ಹೆಸರಿನಲ್ಲೂ ಒಂದು ಮಾಡಿಟ್ಟರು. ನಾನು ಕೋಣೆಯೊಳಗೆ ಕಾಲಿಟ್ಟರೆ ಪರದೆ ಆರಿಸಿಬಿಡುತ್ತಾರೆ, ನಾನು ತಡೆದುಕೊಳ್ಳುವುದಿಲ್ಲವೆಂದು. ಬಾಗಿಲು ಮಾಡುವ ದಿನ ಕೇಳಿದ್ದರು, ಇಲ್ಲ ಅನ್ನುವುದಿಲ್ಲ. “ನಿನಗೂ ಒಂದು ಮಾಡ್ಲೇನೇ?” ಅಂದರು. ‘ನನಗ್ಯಾಕೆ’ ಅಂದೆ. ಬೇಡ ಅನ್ನುವುದನ್ನು ಇಷ್ಟು ವರ್ಷ ರೂಢಿ ಮಾಡಿಕೊಂಡ ಬಾಯಿ ಅದು. ಸರಿ ಎಂದು ಅವರು ಮುಂದಿನ ಕೆಲಸಕ್ಕೆ ಹೋದರು. ಹೆತ್ತವಳನ್ನು ಇನ್ನೊಂದು ಸಲ ಕೇಳಬಾರದಿತ್ತೇ ಗುಬ್ಬಿ? ಇನ್ನೊಂದೇ ಒಂದು ಸಲ ಕೇಳಿದ್ದರೆ ಹೂಂ ಅನ್ನುತ್ತಿದ್ದೆ.