ಸಂಜೆಯ ಔಷಧಿ

ಅತ್ತೆಯವರಿಗೆ ನಮಸ್ಕಾರ.

ನಾದಿನಿಯ ಮನೆಯಲ್ಲಿ ನಿಮ್ಮ ಮಂಡಿನೋವು ಕಡಿಮೆಯಾಗಿದೆಯೆಂದು ಕೇಳಿದೆ. ಪುಟ್ಟಿಯ ಫಿಟ್ಸ್‌ಗೆ ಕಾರಣ ಹುಡುಕುತ್ತಿದ್ದ ಸಂಶೋಧನೆಯವರ ವರದಿ ಬಂದಿದೆ. ಅವಳ ಒಂದು ಜೀನ್‌ನಲ್ಲಿ ಹುಟ್ಟಿನಿಂದಲೇ ವ್ಯತ್ಯಾಸವಿದೆಯಂತೆ. ಅಂಥ ಮಕ್ಕಳಿಗೆ ನಾವು ಕೊಡುತ್ತಿದ್ದ ಔಷಧಿಯೇ ಫಿಟ್ಸ್ ಹೆಚ್ಚಿಸುತ್ತದಂತೆ. "ಆಗ ನಮಗೂ ಗೊತ್ತಿರಲಿಲ್ಲಮ್ಮ," ಎಂದರು ಡಾಕ್ಟರು.

"ಮಲಗಿರೋ ಮಗೂನ ಎಬ್ಬಿಸಿ ಕುಡಿಸ್ಬೇಡ ಕಣೇ, ಕುಡಿಸದ ದಿನವೇ ಚೆನ್ನಾಗಿ ಆಡ್ತಾಳೆ," ಎನ್ನುತ್ತಿದ್ದಿರಿ. "ಔಷಧಿ ಅಂಗಡೀಲಿ ನಿಂತು ದುಡಿಯೋಳು ನಾನು, ನನಗೇ ಪಾಠ ಹೇಳ್ತೀರಾ?" ಎಂದು ಹಾರಾಡಿದೆ. ಒಂದು ಹೊತ್ತಿನ ಔಷಧಿ ತಪ್ಪಿಸಿದ್ದಕ್ಕೆ ನಿಮ್ಮನ್ನು ಮನೆಯನ್ನೇ ಬಿಡಿಸಿದೆ. ಆಮೇಲೂ ಮುಚ್ಚಳದ ಗೆರೆ ನೋಡಿ ಅಳೆದು, ಅವಳ ಮೂಗು ಹಿಡಿದು ಕುಡಿಸುತ್ತಲೇ ಇದ್ದೆ.

ಈಗ ಔಷಧಿ ಬದಲಾಗಿದೆ. ಮೊನ್ನೆ ಪುಟ್ಟಿ ಬಾಗಿಲ ಹಿಂದಿದ್ದ ನಿಮ್ಮ ಕೋಲು ಎಳೆದು ತಂದು "ಅಜ್ಜಿ" ಎಂದಳು.

ಸಂಶೋಧನೆಗೆ ಮನೆಯವರೆಲ್ಲರ ರಕ್ತ ಬೇಕಂತೆ. ಸೋಮವಾರ ಆಸ್ಪತ್ರೆಗೆ ಬನ್ನಿ. ಬರುವಾಗ ಬಟ್ಟೆಬರೆಯನ್ನೂ ತನ್ನಿ. ಹೊಸ ಔಷಧಿಯನ್ನು ಮೂರು ಸಲ ಅಳೆದರೂ ನನಗೆ ನಂಬಿಕೆ ಬರುವುದಿಲ್ಲ. ಸಂಜೆಯದನ್ನು ಇನ್ನು ಮೇಲೆ ನೀವೇ ಕುಡಿಸಬೇಕು.

ಅವಳು ಮಲಗಿದ್ದರೆ, ಏಳುವವರೆಗೆ ನಾನೂ ನಿಮ್ಮ ಪಕ್ಕದಲ್ಲೇ ಕೂತು ಕಾಯುತ್ತೇನೆ.

ನಿಮ್ಮ ಸೊಸೆ