ಸೊಪ್ಪಿನ ಬೆಟ್ಟ ಕಾಡಲ್ಲ

ಕೆರೆಕಟ್ಟೆ
ಮಾರ್ಚ್ 9, ಭಾನುವಾರ

ಪ್ರೀತಿಯ ಅಮ್ಮಾ,

ನಿನ್ನ ಮೊಣಕಾಲು ನೋವು ಹೇಗಿದೆ? ಸಕಲೇಶಪುರದ ಕಡೆ ಬೆಳಿಗ್ಗೆ ಇನ್ನೂ ಚಳಿಯಂತೆ, ಎದ್ದ ಕೂಡಲೇ ತಣ್ಣೀರಿಗೆ ಕೈ ಹಾಕಬೇಡ. ಅಕ್ಕನ ಹೊಲಿಗೆ ಒಣಗಿತೇ? ಕೂಸು ಮುಖ ನೋಡಿ ನಗಲು ಕಲಿತಿದೆ ಎಂದು ಭಾವ ಫೋನಿನಲ್ಲಿ ಹೇಳಿದರು. ಯಾರ ಹಾಗಿದೆ ಎಂದು ಕೇಳಿದೆ. "ನಿನ್ನ ಹಾಗೇ, ಒಂದು ಕಡೆ ನಿಲ್ಲಲ್ಲ" ಎಂದರು. ನಿನಗೆ ಫೋನ್ ಕೊಡಿ ಎಂದಾಗಲೆಲ್ಲ ನೀನು ಕೂಸಿಗೆ ನೀರು ಹಾಕುತ್ತಿರುತ್ತೀಯ. ಕೊಟ್ಟರೂ ಸ್ಪೀಕರ್ ಹಾಕಿ ಕೊಡುತ್ತಾರೆ, ಮನೆಯವರೆಲ್ಲ ಕೇಳುತ್ತಾರೆ. ಅದಕ್ಕೇ ಈ ಕಾಗದ. ನೀನೇ ಓದು, ನಿಧಾನವಾಗಿ ಓದು, ಅಕ್ಕನಿಂದ ಓದಿಸಬೇಡ. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ.

ತವರಿನಲ್ಲಿ ಆಗಬೇಕಾದ ಬಾಣಂತನ ಅಲ್ಲಿ ಆಯಿತು, ಯುಗಾದಿಗಾದರೂ ಕೂಸು ಅಜ್ಜಿ ಮನೆ ನೋಡಲಿ ಎಂದು ನೀನು ಹೇಳಿದ್ದೆಯಲ್ಲ, ಆ ದಿನವೇ ನಾನು ಕೋಣೆಗೆ ಸುಣ್ಣ ಬಳಿದೆ. ತೊಟ್ಟಿಲು ಕಟ್ಟಲು ಮಾಡಿನ ಅಡ್ಡೆಗೆ ಹಗ್ಗ ಹಾಕಿ ನಾನೇ ಜೋತುಬಿದ್ದು ನೋಡಿದೆ, ತಡೆಯಿತು. ನೀನು ಹೋದ ಮೇಲೆ ಒಬ್ಬಳಿಗೇ ಅನ್ನ ಮಾಡುವುದು ನನಗೆ ಇನ್ನೂ ಅಭ್ಯಾಸವಾಗಿಲ್ಲ, ಪಾತ್ರೆಯಲ್ಲಿ ಯಾವಾಗಲೂ ಮಿಕ್ಕುತ್ತದೆ. ನೀವು ಬರುವ ವಿಷಯಕ್ಕೇ ಬರುತ್ತೇನೆ, ಅದಕ್ಕೆ ಮೊದಲು ಹೇಳಬೇಕಾದದ್ದು ಇದೆ.

ಸಂಕ್ರಾಂತಿ ಕಳೆದ ಮೇಲೆ ನನಗೆ ಜ್ವರ ಬಂದಿತ್ತು, ಈಗ ವಾಸಿ ಎಂದು ಹೇಳಿದ್ದೆ. ಅದು ಸುಳ್ಳಲ್ಲ. ಯಾವ ಜ್ವರ ಎಂದು ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಅಮ್ಮಾ, ಅದು ಮಂಗನ ಕಾಯಿಲೆ. ಹೆದರಬೇಡ, ಈಗ ನಿಜವಾಗಿಯೂ ವಾಸಿ. ಕೂದಲು ಉದುರುತ್ತಿದೆ, ಕೊಡ ಎತ್ತಿದರೆ ಕೈ ಸ್ವಲ್ಪ ನಡುಗುತ್ತದೆ, ಅಷ್ಟೇ. ಆಗ ಅಕ್ಕ ಹಸಿ ಬಾಣಂತಿ. ಹೇಳಿದ್ದರೆ ನೀನು ಅವಳನ್ನು ಬಿಟ್ಟು ಓಡಿ ಬರುತ್ತಿದ್ದೆ. ನಮ್ಮ ವಿಘ್ನೇಶ್ವರ ಭಟ್ಟರೇ ಕಾರಿನಲ್ಲಿ ಕೊಪ್ಪದ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋಗಿ ಸೇರಿಸಿದರು, ಬಿಲ್ಲೂ ಅವರೇ ಕಟ್ಟಿದರು. ಕೆಲಸದವಳಿಗೆ ಇಷ್ಟು ಮಾಡುವವರು ಕಡಿಮೆ. ಅದನ್ನು ಮೊದಲು ಬರೆಯುತ್ತಿದ್ದೇನೆ, ಮುಂದೆ ಬರುವುದನ್ನು ಓದಿ ನೀನು ಅವರನ್ನು ಬಯ್ಯಬಾರದು.

ಹೋದ ವಾರ ಭಟ್ಟರು ಆಸ್ಪತ್ರೆಯ ಫೈಲನ್ನು ನನ್ನ ಕೈಗೆ ಕೊಟ್ಟು, "ಬಿಲ್ಲು ಸರಿ ಇದ್ಯಾ ನೋಡು ಕೂಸೆ, ನಿನ್ನ ಮೈಗೆ ಎಂತೆಂತ ಮಾಡಿದ್ರು ಅಂತ ನಿಂಗೇ ಗೊತ್ತು" ಎಂದರು. ಹತ್ತನೇ ಕ್ಲಾಸು ಬಿಟ್ಟವಳಿಗೆ ಇದು ಪರೀಕ್ಷೆ ಬಂದ ಹಾಗಾಯಿತು. ದಿನವೂ ಕೂಲಿ ಮುಗಿಸಿ ಬಂದು ಬಾಗಿಲಲ್ಲಿ ಕೂತು ಓದಿದೆ. ಒಂದು ಹಾಳೆಯಲ್ಲಿ ನಾನು ಗಂಡಸು. ಊರು ಎಂಬಲ್ಲಿ ನರಸಿಂಹರಾಜಪುರದ ಬೇಕರಿಯ ವಿಳಾಸ. ಅಲ್ಲಿ ಕೆಲಸಕ್ಕಿದ್ದಾಗ ಬ್ಯಾಂಕಿಗೆಂದು ಆಧಾರಿನಲ್ಲಿ ಹಾಕಿಸಿದ್ದು ಹಾಗೇ ಉಳಿದಿದೆ. ಬೇಕರಿಯ ಕರಿಯಣ್ಣ ಒಂದು ಸಲ ಫೋನ್ ಮಾಡಿ, "ಆರೋಗ್ಯ ಇಲಾಖೆಯೋರು ಬಂದು ಬೇಕರಿ ಹಿತ್ತಿಲೆಲ್ಲ ಹುಡುಕಿದ್ರು ಮಾರಾಯ್ತಿ, ಬನ್ ತಗೊಳ್ಳೋರೂ ದಿಕ್ಕಿಲ್ಲ" ಎಂದು ಬೈದಿದ್ದು ಯಾಕೆಂದು ಆಗ ತಿಳಿಯಿತು. ಬಿಲ್ಲಿನಲ್ಲಿ ಮಾತ್ರ ಒಂದೇ ತಪ್ಪು ಕಂಡಿತು. ರೋಗಿಯ ಜೊತೆ ಇರುವವರು ಮಲಗುವ ಮಂಚಕ್ಕೆ ಬಾಡಿಗೆ ಹಾಕಿದ್ದರು. ನನ್ನ ಜೊತೆ ಯಾರಿದ್ದರು?

ಗುರುವಾರ ಕೆಲಸ ಬಿಟ್ಟು ಕೊಪ್ಪಕ್ಕೆ ಹೋದೆ. ನಾನು ಒಂದು ವಿಷಯ ಹಿಡಿದರೆ ಬಿಡುವುದಿಲ್ಲ ಎಂದು ನಿನಗೆ ಗೊತ್ತು. ಶೃಂಗೇರಿಯ ಬಟ್ಟೆ ಅಂಗಡಿಯಲ್ಲಿ ಈ ಸೀರೆ ಬಣ್ಣ ಬಿಡುತ್ತದೆ ಎಂದು ಗಿರಾಕಿಗೇ ಹೇಳಿ ಕೆಲಸ ಕಳಕೊಂಡವಳಲ್ಲವೇ. ಬಿಲ್ಲಿನ ಕಿಟಕಿಯಲ್ಲಿ ಯೋಗೇಂದ್ರ ಎಂದು ಅಂಗಿಗೆ ಹೆಸರು ಸಿಕ್ಕಿಸಿಕೊಂಡ ಹುಡುಗ ಕೂತಿದ್ದ. "ಪೇಷಂಟ್ ಎಲ್ಲಿ?" ಎಂದ. ನಾನೇ ಎಂದೆ. "ಜೊತೆಗೆ ಇದ್ದೋರನ್ನ ಕರೀರಿ, ಅವರ ಹತ್ರ ಮಾತಾಡ್ತೀನಿ." "ಜೊತೆಗೆ ಯಾರೂ ಇರ್ಲಿಲ್ಲ, ಅದನ್ನ ಹೇಳಕ್ಕೇ ಬಂದಿದ್ದು" ಎಂದೆ. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ನನ್ನ ಕಡೆ ನೋಡಿದರು. "ಯಾರೂ ಇಲ್ದೆ ಹೆಂಗ್ರೀ, ಯಾರಾದ್ರೂ ಇರ್ಲೇಬೇಕಲ್ಲ" ಎಂದು ಅವನು ಒಳಗಿನಿಂದ ಸುಬ್ಬಲಕ್ಷ್ಮಿ ಸಿಸ್ಟರನ್ನು ಕರೆದ. ಜ್ವರದಲ್ಲಿ ನನಗೆ ಗಂಜಿ ಕುಡಿಸಿದವರು ಅವರೇ. "ಹೌದಪ್ಪ, ಈ ಹುಡುಗಿ ಹತ್ರ ಯಾರೂ ಇರ್ಲಿಲ್ಲ. ಆದ್ರೆ ಮಂಚ ಹಾಕಿಸ್ಕೊಂಡಿದ್ಲು" ಎಂದರು.

ಅದು ನಿಜ ಅಮ್ಮಾ. ಜ್ವರದಲ್ಲಿ ನಾನು ಅದನ್ನು ಮರೆತೇಬಿಟ್ಟಿದ್ದೆ. ವಾರ್ಡಿನಲ್ಲಿ ಪ್ರತಿ ಹಾಸಿಗೆಯ ಪಕ್ಕ ಒಬ್ಬರು ಕೂತಿರುತ್ತಿದ್ದರು. ಪಕ್ಕದ ಹಾಸಿಗೆಯ ಹೆಂಗಸು ಕಣ್ಣು ಬಿಟ್ಟಾಗಲೆಲ್ಲ "ನಿಮ್ಮೋರು ಎಲ್ಲಿ?" ಎನ್ನುತ್ತಿದ್ದಳು. ಆಮೇಲೆ ನಾನು ಆಯಾಳಿಗೆ ಹೇಳಿ ಮಂಚ ಹಾಕಿಸಿ, ಹೊದೆಯಲು ತಂದಿದ್ದ ನಿನ್ನ ನೀಲಿ ಸೀರೆಯನ್ನು ಅದರ ಮೇಲೆ ಹಾಸಿದೆ. ಅಮ್ಮ ಇದ್ದಾಳೆ ಎಂದು ನಾನು ಯಾರಿಗೂ ಹೇಳಲಿಲ್ಲ. ಅವರು ಕೇಳುವುದನ್ನು ಬಿಟ್ಟರು, ಅಷ್ಟೇ. "ಹಾಗಾದ್ರೆ ಬಾಡಿಗೆ ಸರಿ ಇದೆ, ಇರ್ಲಿ ಬಿಡಿ" ಎಂದೆ. ಯೋಗೇಂದ್ರ, "ಮತ್ತೆ ಯಾಕ್ರೀ ಬಂದ್ರಿ ಇಷ್ಟು ದೂರ" ಎಂದ. ಬಂದದ್ದಕ್ಕೆ ಗಂಡಸು ಎಂದಿರುವುದನ್ನಾದರೂ ತಿದ್ದಿ ಎಂದೆ.

ಅದನ್ನು ತಿದ್ದಲು ಸಿಸ್ಟರ್ ಸೇರಿಸಿದ ದಿನದ ಹಾಳೆ ತೆಗೆದರು. ನನ್ನ ಕೈಲಿದ್ದ ಫೈಲಿನಲ್ಲಿ ಆ ಹಾಳೆ ಇರಲಿಲ್ಲ. ಅದರಲ್ಲಿ "ಕಾಡಿಗೆ ಹೋಗಿಲ್ಲ" ಎಂದು ಬರೆದಿತ್ತು. "ಇದೊಂದು ಸರಿ ಇದೆ" ಎಂದೆ. "ಮತ್ತೆ ಜ್ವರಕ್ಕೆ ಮುಂಚೆ ಎಂತ ಕೆಲಸ ಮಾಡ್ತಿದ್ದೆ?" "ದರಗೆಲೆ ಗುಡಿಸಿ ಹೊರ್ತಿದ್ದೆ." "ಎಲ್ಲಿಂದ?" "ಸೊಪ್ಪಿನ ಬೆಟ್ಟದಿಂದ." "ಅಲ್ಲಿ ಮರ ಇಲ್ವನೇ? ಮಂಗ ಇಲ್ವಾ?" "ಇದಾವೆ. ಆದ್ರೆ ಅದು ಕಾಡಲ್ಲ ಸಿಸ್ಟರ್, ಭಟ್ರ ತೋಟಕ್ಕೆ ಸೊಪ್ಪು ತರೋ ಬೆಟ್ಟ." ಸಾಲಿನಲ್ಲಿದ್ದವರು ನಕ್ಕರು, ನಾನೂ ನಕ್ಕೆ. ಸಿಸ್ಟರ್ ನಗಲಿಲ್ಲ, ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ನೀನೇ ಹೇಳು, ನಾವು ಯಾವತ್ತಾದರೂ ಅದನ್ನು ಕಾಡು ಎಂದಿದ್ದೇವೆಯೇ? ಕಾಡಿಗೆ ಹೋಗುವುದೆಂದರೆ ಕತ್ತಿ, ಬುತ್ತಿ ಹಿಡಿದು ಸಂಜೆವರೆಗೆ ಹೋಗುವುದು. ಒಣಗಿದ ಎಲೆ ಗುಡಿಸಿ ಕೊಟ್ಟಿಗೆಗೆ ತಂದು ಹಾಕುವುದು ಅಂಗಳ ಗುಡಿಸಿದ ಹಾಗೆ. ಆಶಾ ಕಾರ್ಯಕರ್ತೆ ವಿಜಯಕ್ಕ ಉಣುಗು ಕಚ್ಚದ ಹಾಗೆ ಹಚ್ಚಿಕೊಳ್ಳಲು ಕೊಟ್ಟ ಎಣ್ಣೆ ಬಾಟಲಿ ಎಲ್ಲರ ಮನೆಯಲ್ಲೂ ಗೂಡಿನಲ್ಲೇ ಇದೆ. ಅದು ಕಾಡಿಗೆ ಹೋಗುವವರಿಗೆ ಎಂದು ಯಾರೂ ಮುಚ್ಚಳ ತೆಗೆದಿಲ್ಲ. ಡಾಕ್ಟರು ಮೊದಲು ಕೇಳಿದ್ದು, "ಆ ದರಗು ಈಗ ಎಲ್ಲಿದೆ?" ಎಂದು. ಭಟ್ಟರ ಕೊಟ್ಟಿಗೆ ಪಕ್ಕ ರಾಶಿ ಹಾಕಿದೆ, ನಮ್ಮ ಕೋಣೆಯ ಹಿಂದಿನ ಗೋಡೆಗೆ ತಾಗಿಕೊಂಡೇ ಎಂದೆ. ಈ ಜ್ವರ ತರುವ ಉಣುಗು ಎಲೆಯ ಜೊತೆಗೇ ಬರುತ್ತವಂತೆ. "ಮನೇಲಿ ಚಿಕ್ಕ ಮಕ್ಕಳಿದಾರಾ?" "ಈಗ ಇಲ್ಲ. ಯುಗಾದಿಗೆ ಒಂದು ಬರತ್ತೆ." ಅವರು ಪೆನ್ನಿನ ಮುಚ್ಚಳ ಹಾಕಿ, ಮತ್ತೆ ತೆಗೆದರು.

ತಿದ್ದಿ ಬರೆದರೆ ಇಲಾಖೆಯವರು ಈ ಸಲ ಸರಿಯಾದ ಊರಿಗೇ ಬರುತ್ತಾರೆ ಎಂದು ಸಿಸ್ಟರ್ ಹೇಳಿದರು. ಯುಗಾದಿ ಕಳೆದ ಮೇಲೆ ತಿದ್ದಿಸಿದರಾಯಿತು ಎಂದು ನನಗೆ ಒಂದು ಗಳಿಗೆ ಅನ್ನಿಸಿದ್ದು ನಿಜ. ತೊಟ್ಟಿಲ ಹಗ್ಗ ಕಣ್ಣ ಮುಂದೆ ಬಂತು. ಅದೇ ಹಗ್ಗ ಕಟ್ಟಿದ ಕೋಣೆಯ ಗೋಡೆಯಾಚೆ ರಾಶಿ ಇದೆಯಲ್ಲ ಎಂದೂ ಬಂತು. ಅಲ್ಲೇ ನಿಂತು ಹೇಳಿ ಬರೆಸಿದೆ, ಕೆಳಗೆ ಸಹಿ ಹಾಕಿದೆ.

ಊರಿಗೆ ಬಂದು ಮೊದಲು ಭಟ್ಟರಿಗೆ ಹೇಳಿದೆ. ಅವರು ಎಲೆಯಡಿಕೆ ಕವಳ ಹಾಕುತ್ತಿದ್ದವರು ನಿಲ್ಲಿಸಿ, "ಬಿಲ್ಲು ನೋಡು ಅಂದ್ರೆ ಬೆಟ್ಟನೇ ಬರೆಸಿಕೊಟ್ಟು ಬಂದ್ಯಲ್ಲೇ" ಎಂದರು. ಅವರ ಹೆಂಡತಿ ತ್ರಿಪುರಸುಂದರಿ ಅಮ್ಮನವರು ಮಾತ್ರ ಗೂಡಿನಿಂದ ಎಣ್ಣೆ ಬಾಟಲಿ ತೆಗೆದು ಒರೆಸಿ ಕೆಳಗೆ ಇಟ್ಟದ್ದನ್ನು ನೋಡಿದೆ. ನಿನ್ನೆ ಜೀಪಿನಲ್ಲಿ ಬಂದವರು ರಾಶಿ ನೋಡಿ ಔಷಧಿ ಹೊಡೆದರು, ಮಳೆ ಹಿಡಿಯುವವರೆಗೆ ಯಾರೂ ಬೆಟ್ಟಕ್ಕೆ ಹೋಗಕೂಡದು ಎಂದರು. ದರಗಿನ ಕೆಲಸ ನಿಂತಿತು, ನನಗೆ ಬಂದದ್ದು ಯಾವ ಜ್ವರ ಎಂದು ಊರಿಗೆಲ್ಲ ತಿಳಿಯಿತು. ನನ್ನ ಜೊತೆ ದರಗು ಹೊರುವ ಗಿಡ್ಡಯ್ಯ ಎಲ್ಲರ ಎದುರಿಗೆ, "ಆ ಉಣುಗು ಇವಳ ಕಾಲಿಗೆ ಕಚ್ಚೋ ಬದಲು ನಾಲಿಗೆಗೆ ಕಚ್ಚಬಾರದಿತ್ತಾ ಮಾರಾಯ" ಎಂದ. ಎಲ್ಲರೂ ನಕ್ಕರು. ಅದು ಪರವಾಗಿಲ್ಲ, ನಕ್ಕಾಗ ಎದುರಿಗಾದರೂ ಇದ್ದರು. ಇವತ್ತು ಬೆಳಿಗ್ಗೆ ನಲ್ಲಿಯ ಹತ್ತಿರ ಹೋದರೆ ಪಕ್ಕದ ಮನೆಯ ಗುರುವನ ಹೆಂಡತಿ ಕೊಡ ಬಿಟ್ಟು ದೂರ ಸರಿದು ನಿಂತಳು. ನನ್ನ ಫೋನಿನಲ್ಲಿ ಕಾರ್ಟೂನು ನೋಡಲು ಬರುತ್ತಿದ್ದ ಅವಳ ಮಕ್ಕಳು ಈಗ ಬರುವುದಿಲ್ಲ. ಇಡೀ ಭಾನುವಾರ ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದೇನೆ, ಯಾರೂ ಬಂದಿಲ್ಲ. ಭಟ್ಟರ ನಾಯಿ ಬಂದು ಮಿಕ್ಕ ಅನ್ನ ತಿಂದು ಹೋಯಿತು.

ಅಕ್ಕನಿಗೆ ನಾನು ಕೇಳಿದೆ ಎಂದು ಹೇಳು. ಭಾವನಿಗೆ ನಮಸ್ಕಾರ. ಕೂಸಿನ ಅಂಗಾಲಿಗೆ ನನ್ನ ಹೆಸರಿನಲ್ಲಿ ಒಂದು ಮುತ್ತು. ನಿನ್ನ ಕಾಲಿಗೆ ಬಿದ್ದು ಮುಗಿಸುತ್ತಿದ್ದೇನೆ.

ನಿನ್ನ ಚಿಕ್ಕ ಮಗಳು
ದೀಪಶ್ರೀ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಅಮ್ಮಾ, ಯುಗಾದಿಗೆ ಬರಬೇಡಿ. ಮಳೆ ಹಿಡಿಯುವವರೆಗೆ ಕೂಸನ್ನು ಇಲ್ಲಿಗೆ ತರಬೇಡಿ, ನೀನೊಬ್ಬಳೂ ಬರಬೇಡ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಡಾಕ್ಟರನ್ನು ಮತ್ತೆ ಮತ್ತೆ ಕೇಳಿದ್ದೇನೆ. ಹಬ್ಬಕ್ಕೆ ನಾನೇ ಅಲ್ಲಿಗೆ ಬರಲೇ? ಭಾವನನ್ನು ಕೇಳು. ಕೇಳುವಾಗ ಕಾಯಿಲೆಯ ಹೆಸರು ಹೇಳಿಯೇ ಕೇಳು, ಮುಚ್ಚಿಟ್ಟು ನಾನು ಬರುವುದಿಲ್ಲ. ಅವರು ಬೇಡ ಎಂದರೆ ಬೇಡ ಎಂದೇ ಬರೆ. ಮನೆಯಲ್ಲಿ ಜಾಗ ಇಲ್ಲ ಎಂದು ಬರೆಯಬೇಡ.